ಡಿಪೋ ಚೆಂಡಿನ ಭಾರ

ನಾನು ಒಂದು ವಾಲಿಬಾಲ್. ಈಗ ನನ್ನನ್ನು ನೋಡಿದವರಿಗೆ ಹಾಗೆಂದರೆ ನಂಬಿಕೆ ಬರುವುದಿಲ್ಲ. ಬಸ್ ಡಿಪೋದ ಟೈರ್ ವಿಭಾಗದಲ್ಲಿ, ತೂತು ಬಿದ್ದ ಟ್ಯೂಬುಗಳ ಪಕ್ಕ, ಒಂದು ಮಗ್ಗುಲು ಕುಗ್ಗಿಸಿಕೊಂಡು ಕಪ್ಪಗೆ ಕೂತಿದ್ದೇನೆ. ಹೊಸದಾಗಿ ಸೇರಿದ ಮೆಕ್ಯಾನಿಕ್ ಒಬ್ಬ ಮೊನ್ನೆ ನನ್ನನ್ನು ಹಳೇ ಗ್ರೀಸ್ ಡಬ್ಬಿ ಎಂದುಕೊಂಡು ಮುಚ್ಚಳ ಹುಡುಕಿದ. ಅವನ ಮೇಲೆ ನನಗೆ ಕೋಪವಿಲ್ಲ. ನಿಜ ಹೇಳಬೇಕೆಂದರೆ ಗ್ರೀಸ್ ಡಬ್ಬಿಗೂ ನನಗೂ ಬಹಳ ವ್ಯತ್ಯಾಸ ಉಳಿದಿಲ್ಲ.

ಹುಟ್ಟಿದಾಗ ಹೀಗಿರಲಿಲ್ಲ. ಜಲಂಧರದ ಒಂದು ಓಣಿಯಲ್ಲಿ ಒಬ್ಬ ಹೆಂಗಸು ತೊಗಲಿನ ಪಟ್ಟಿಗಳನ್ನು ಮಂಡಿಗಳ ನಡುವೆ ಇರುಕಿಸಿಕೊಂಡು, ಮೇಣ ಹಚ್ಚಿದ ದಾರದಿಂದ ನನ್ನನ್ನು ಹೊಲಿದಳು. ದಾರ ಜಗ್ಗುವಾಗಲೆಲ್ಲ ತನ್ನ ಅತ್ತೆಯನ್ನು ಬೈಯುತ್ತಿದ್ದಳು, ಅದಕ್ಕೇ ನನ್ನ ಹೊಲಿಗೆ ಅಷ್ಟು ಬಿಗಿ. ಆಮೇಲೆ ಒಬ್ಬ ಗಾಳಿ ತುಂಬಿಸಿ, ತಕ್ಕಡಿಯಲ್ಲಿಟ್ಟು ತೂಗಿ, ಸರಿಯಾಗಿದೆ ಎಂದು ಮುದ್ರೆ ಒತ್ತಿದ. ನಾನು ಬೆಳ್ಳಗಿದ್ದೆ, ಹಗುರಾಗಿದ್ದೆ. ಆ ತಕ್ಕಡಿಯನ್ನು ಮುಂದೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ರೈಲಿನಲ್ಲಿ ಮೈಸೂರಿಗೆ ಬಂದೆ. ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಬಲೆಯೊಳಗೆ ತೂಗಾಡುತ್ತಿದ್ದಾಗ ವೀರಭದ್ರಾಚಾರ್ ಬಂದು ನನ್ನನ್ನು ಆರಿಸಿಕೊಂಡರು. ಅವರು ನಮ್ಮ ಡಿಪೋದ ಹೆಡ್ ಮೆಕ್ಯಾನಿಕ್. ಡಿಪೋದ ವಾಲಿಬಾಲ್ ತಂಡಕ್ಕೆ ಕೋಚು, ಮ್ಯಾನೇಜರು, ದೇವರಿಗೆ ಹರಕೆ ಹೊರುವವರು ಎಲ್ಲ ಅವರೇ. ಬಸ್ಸಿನ ಬಾನೆಟ್ ಮೇಲೆ ನನ್ನನ್ನು ಮಗುವಿನಂತೆ ಕೂರಿಸಿಕೊಂಡು ಊರಿಗೆ ಕರೆತಂದರು. ಬಂದ ದಿನವೇ ವರ್ಕ್‌ಶಾಪಿನಲ್ಲಿ ಹರಳೆಣ್ಣೆ ಬಟ್ಟಲು ಮುಂದಿಟ್ಟುಕೊಂಡು, ಹತ್ತಿಬಟ್ಟೆ ಅದ್ದಿ ಅದ್ದಿ ನನ್ನ ಮೈಗೆಲ್ಲ ತಿಕ್ಕಿದರು.

"ಇದ್ಯಾಕೆ ಆಚಾರ್ರೇ ಬಾಲ್‌ಗೆ ಎಣ್ಣೆ ಸ್ನಾನ?" ಎಂದು ಯಾರೋ ಕೇಳಿದರು.

"ತೊಗಲು ಕಣಪ್ಪಾ ಇದು. ಎಣ್ಣೆ ಕಾಣ್ದೆ ಬುಟ್ರೆ ಬಿರುಕು ಬುಡ್ತದೆ. ನಮ್ಮಪ್ಪ ಮಾಡ್ಸಿದ್ದ ಮೆಟ್ಟು ಇನ್ನೂ ಅಟ್ಟದ ಮೇಲೈತೆ, ಬಂದು ನೋಡು."

ಡಿಪೋದವರಿಗೆ ಅದು ಸರಿಯೆನಿಸಿತು. ಎಣ್ಣೆ, ಗ್ರೀಸು ಹಾಕಿ ಹಾಕಿಯೇ ಎಂಥೆಂಥ ಮುದಿ ಬಸ್ಸುಗಳನ್ನು ರಸ್ತೆಗೆ ಬಿಟ್ಟವರು ಅವರು. ಹೀಗೆ ಪ್ರತಿ ಶನಿವಾರ ಸಂಜೆ ನನಗೆ ಎಣ್ಣೆ ತಿಕ್ಕುವುದು ಪದ್ಧತಿಯಾಯಿತು. ಆಯುಧಪೂಜೆಯಲ್ಲಿ ಬಸ್ಸುಗಳ ಚಕ್ರಕ್ಕೆ ನಿಂಬೆಹಣ್ಣು ಇಡುವ ಮೊದಲು ನನಗೆ ಕುಂಕುಮ ಇಡುತ್ತಿದ್ದರು. ಇಷ್ಟು ಪ್ರೀತಿಯನ್ನು ಯಾರು ತಾನೇ ಬೇಡವೆನ್ನುತ್ತಾರೆ? ನಾನೂ ಸುಖವಾಗಿ ಹೀರಿಕೊಂಡೆ. ತೊಗಲು ಹೀರಿತು, ದಾರ ಹೀರಿತು, ನಾವು ಆಡುವ ಡಿಪೋ ಅಂಗಳದ ಧೂಳು ಬಂದು ಆ ಎಣ್ಣೆಗೆ ಅಂಟಿಕೊಂಡಿತು.

ನಮ್ಮ ತಂಡದ ಹೆಸರು ಸುತ್ತಲ ಡಿಪೋಗಳಲ್ಲೆಲ್ಲ ಇತ್ತು. ಅದಕ್ಕೆ ಕಾರಣ ಇಬ್ಬರು ಹೊಡೆತಗಾರರು. ಡ್ರೈವರ್ ಕೆಂಪರಾಜು ಎಡಗೈಯವನು, ಆಳೆತ್ತರ ಹಾರುತ್ತಿದ್ದ. ವೆಲ್ಡರ್ ಮುನಾವರ್ ಅಷ್ಟು ಎತ್ತರವಿಲ್ಲ, ಆದರೆ ಅವನ ಏಟು ತಿಂದ ದಿನ ನನಗೆ ಬೆಳಗಿನವರೆಗೂ ಕಿವಿ ಗುಂಯ್ ಎನ್ನುತ್ತಿತ್ತು. ನನಗೆ ಕಿವಿಯಿಲ್ಲ, ಆದರೂ ಎನ್ನುತ್ತಿತ್ತು. ಇವರಿಬ್ಬರಿಗೆ ಚೆಂಡನ್ನು ಎತ್ತಿ ಕೊಡುವವನೊಬ್ಬ ಬೇಕು. ಬಲೆಯ ಪಕ್ಕ ಬೇಕಾದ ಜಾಗದಲ್ಲಿ, ಬೇಕಾದ ಎತ್ತರದಲ್ಲಿ, ಬೇಕಾದ ಕ್ಷಣದಲ್ಲಿ ಚೆಂಡು ತೂಗಬೇಕು. ಅವನನ್ನು ಲಿಫ್ಟರ್ ಎನ್ನುತ್ತಾರೆ. ಗೆದ್ದರೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ, ಸೋತರೆ ಮೊದಲು ಅವನದೇ ಹೆಸರು.

ನಮ್ಮ ಲಿಫ್ಟರ್ ಕಂಡಕ್ಟರ್ ದೊಡ್ಡಸ್ವಾಮಿ. ಹೆಸರೊಂದೇ ದೊಡ್ಡದು, ಆಳು ಕೆಂಪರಾಜುವಿನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಆದರೆ ಅವನ ಬೆರಳುಗಳು! ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಟಿಕೆಟ್ ಹರಿದು ಕೊಡುವ ಬೆರಳುಗಳು ಅವು. ಗಟ್ಟಿಯಾಗಿದ್ದವು, ಆದರೂ ಒರಟಲ್ಲ. ಅವು ನನ್ನನ್ನು ಹಿಡಿಯುತ್ತಿರಲಿಲ್ಲ, ಬರಮಾಡಿಕೊಂಡು ಕಳಿಸಿಕೊಡುತ್ತಿದ್ದವು. ನನ್ನ ಬಾಳಿನಲ್ಲಿ ನನಗೆ ನಿಜವಾದ ಸುಖ ಕೊಟ್ಟವು ಆ ಹತ್ತು ಬೆರಳು, ಇದನ್ನು ಮುಚ್ಚಿಡುವುದೇಕೆ. ಸಂಜೆ ಡ್ಯೂಟಿ ಮುಗಿಸಿ, ಚರ್ಮದ ಚೀಲವನ್ನು ಬೇವಿನ ಮರದ ಕೊಂಬೆಗೆ ನೇತುಹಾಕಿ ಅಂಗಳಕ್ಕೆ ಇಳಿಯುತ್ತಿದ್ದ. ಅವನು ಎತ್ತಿದರೆ ನಾನು ಕೆಂಪರಾಜುವಿನ ಅಂಗೈ ಕಾಯುವ ಜಾಗಕ್ಕೇ ಹೋಗಿ ನಿಲ್ಲುತ್ತಿದ್ದೆ. ನೋಡುತ್ತಿದ್ದವರು "ಈ ಸಲ ಟೂರ್ನಮೆಂಟ್ ಕಪ್ಪು ನಮ್ದೇ" ಎನ್ನುತ್ತಿದ್ದರು.

ಅಂತರ ಡಿಪೋ ಪಂದ್ಯಾವಳಿ ಜಿಲ್ಲಾ ಕೇಂದ್ರದಲ್ಲಿ. ನನ್ನನ್ನೂ ಬಲೆಚೀಲದಲ್ಲಿ ಹಾಕಿಕೊಂಡು ಹೋದರು, ಶುಭವಾಗಲಿ ಎಂದು. ಆದರೆ ಆಡಿದ್ದು ಪಂದ್ಯಾವಳಿಯವರು ಕೊಟ್ಟ ಹೊಸ ಚೆಂಡಿನಲ್ಲಿ. ಹಲ್ಲುಜ್ಜಿ ಬಂದಂತೆ ಬೆಳ್ಳಗಿತ್ತು. ಹೊಟ್ಟೆಕಿಚ್ಚಿನಿಂದ ನಾನು ಚೀಲದೊಳಗಿಂದಲೇ ನೋಡುತ್ತಿದ್ದೆ.

ದೊಡ್ಡಸ್ವಾಮಿ ಮೊದಲ ಚೆಂಡನ್ನು ಎತ್ತಿದ. ಅದು ಕೆಂಪರಾಜುವಿನ ಕೈಗಿಂತ ಮೇಲೆ ಹಾರಿ, ಬಲೆ ದಾಟಿ, ಎದುರಾಳಿಯ ಅಂಗೈಗೇ ಹೋಗಿ ಬಿತ್ತು. ಅವನು ಬಿಡುತ್ತಾನೆಯೇ, ನಮ್ಮವರ ಕಾಲ ಬಳಿಗೇ ಬಡಿದ. ಎರಡನೆಯದೂ ಹಾಗೇ ಆಯಿತು. ಮೂರನೆಯದನ್ನು ಹೆದರಿ ಮೆತ್ತಗೆ ಎತ್ತಿದ, ಅದು ಬಲೆಯ ಮಟ್ಟಕ್ಕೂ ಏರಲಿಲ್ಲ.

"ಏನ್ ಸ್ವಾಮಿ, ಗಾಳಿಪಟ ಬುಡ್ತಿದ್ದೀಯಾ?" ಎಂದು ಕೆಂಪರಾಜು ಎಲ್ಲರ ಮುಂದೆ ಕೂಗಿದ.

ವಿರಾಮದಲ್ಲಿ ದೊಡ್ಡಸ್ವಾಮಿ ಆಚಾರ್ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಆಚಾರ್ರೇ, ಈ ಬಾಲು ಯಾಕೋ ಹಗುರ ಅನ್ನಿಸ್ತದೆ. ನಮ್ದು ಹಿಂಗಿಲ್ಲ."

ಆಚಾರ್ ಬಾಯಿ ತೆರೆಯುವ ಮೊದಲೇ ಕೆಂಪರಾಜು ಬಾಯಿ ಹಾಕಿದ. "ಅವ್ರೂ ಇದೇ ಬಾಲ್‌ನಲ್ಲಿ ತಾನೆ ಆಡ್ತಿರಾದು? ಅವ್ರಿಗೆಲ್ಲ ಸರಿಯಾಗದೆ, ನಿಂಗೊಬ್ಬಂಗೆ ಹಗುರಾನಾ?"

ಎಲ್ಲರೂ ನಕ್ಕರು. ದೊಡ್ಡಸ್ವಾಮಿಯ ಮುಖ ಸಣ್ಣಗಾಯಿತು. ಆ ಮಾತನ್ನು ಅವನು ಮತ್ತೆಂದೂ ಆಡಲಿಲ್ಲ. ನಿಜದ ಬಾಗಿಲಿಗೆ ಕೈಯಿಟ್ಟಿದ್ದವನನ್ನು ಒಂದು ನಗು ಹಿಂದಕ್ಕೆ ಎಳೆಯಿತು. ಆಗ ನನಗೂ ಅದು ಹೊಳೆದಿರಲಿಲ್ಲ. ಅವನ ಕೈಗೆ ಏನಾಯಿತೋ ಎಂದು ನಾನೂ ಮರುಗಿದ್ದೆ.

ತಮಾಷೆ ಏನೆಂದರೆ, ಆ ದಿನ ಹೊಡೆತಗಾರರ ಚೆಂಡುಗಳೂ ಗೆರೆ ದಾಟಿ ಹೊರಗೆ ಬಿದ್ದವು. ಕೆಂಪರಾಜುವಿನ ಸರ್ವಿಸ್ ಒಂದಂತೂ ಕಾಂಪೌಂಡಿನಾಚೆ ಎಳನೀರು ಗಾಡಿಯ ಮೇಲೆ ಬಿತ್ತು. ಅದಕ್ಕೆ ಎಲ್ಲರೂ "ಎಂಥಾ ಜೋರು ನೋಡು" ಎಂದು ಬೆನ್ನು ತಟ್ಟಿದರು. ಹೊಡೆಯುವವನ ಚೆಂಡು ಹೊರಗೆ ಹೋದರೆ ಅದು ಬಲ, ಎತ್ತುವವನ ಚೆಂಡು ಹೊರಗೆ ಹೋದರೆ ಅದು ತಪ್ಪು. ಮನುಷ್ಯರ ಈ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಮರುವರ್ಷ ಲಿಫ್ಟರ್ ಬದಲಾದ. ಸ್ಟೋರಿನ ಗುಮಾಸ್ತ ಶ್ರೀಕಂಠನನ್ನು ಹಾಕಿದರು. ಅಂಗಳದಲ್ಲಿ ನನ್ನೊಂದಿಗೆ ಚೆನ್ನಾಗಿಯೇ ಆಡಿದ. ಪಂದ್ಯಾವಳಿಗೆ ಹೋದಾಗ ಅದೇ ಕತೆ, ಅದೇ ಗಾಳಿಪಟ. ಶ್ರೀಕಂಠ ಜಾಣ. ಮಂಡಿನೋವೆಂದು ಹೇಳಿ ಆಟದಿಂದಲೇ ಜಾರಿಕೊಂಡ. ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದವರ ಬಾಯಲ್ಲೆಲ್ಲ ಒಂದೇ ಮಾತು, "ಹೊಡೆಯೋರು ಇಬ್ರು ಹುಲಿಗಳಿದ್ದಂಗವ್ರೆ, ಎತ್ಕೊಡೋಕೆ ಒಬ್ಬ ಗತಿಯಿಲ್ಲ."

ಬೇರೆ ದಾರಿ ಕಾಣದೆ ಆಚಾರ್ ಮತ್ತೆ ದೊಡ್ಡಸ್ವಾಮಿಯನ್ನು ಕರೆದರು. "ನೋಡು ಸ್ವಾಮಿ, ಇದೊಂದ್ಸಲ. ಈ ಸಲವೂ ಆಗ್ನಿಲ್ಲ ಅಂದ್ರೆ ನಿನ್ ಕೈಲಾಗಲ್ಲ ಅಂತ ತಿಳ್ಕೋತೀನಿ."

ಆ ಮಾತು ಅವನಿಗೆ ನಾಟಿತು. ಕಪ್ಪಿಗಿಂತ ತನ್ನ ಕೈಯ ಮಾನವೇ ಅವನಿಗೆ ದೊಡ್ಡದಾಯಿತು. ಬೆಳಿಗ್ಗೆ ಮೊದಲ ಬಸ್ಸು ಹೊರಡುವ ಮುಂಚೆ ಬಂದು ವರ್ಕ್‌ಶಾಪಿನ ಗೋಡೆಗೆ ನನ್ನನ್ನು ಎತ್ತೆತ್ತಿ ಅಭ್ಯಾಸ ಮಾಡುತ್ತಿದ್ದ. ಸಂಜೆ ಮತ್ತೆ ಬರುತ್ತಿದ್ದ. ಇಷ್ಟು ದುಡಿಯುವ ಚೆಂಡು ಹಾಳಾಗಬಾರದೆಂದು ಆಚಾರ್ ಬುಧವಾರವೂ ಎಣ್ಣೆ ತಿಕ್ಕತೊಡಗಿದರು. ಅವನು ಅಭ್ಯಾಸ ಮಾಡಿದಷ್ಟೂ ಅವನ ಕೈ ನನ್ನ ಭಾರಕ್ಕೆ ಒಗ್ಗಿಕೊಂಡಿತು. ಇದಕ್ಕಿಂತ ಕೆಟ್ಟ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದವರನ್ನು ನಾನು ನೋಡಿಲ್ಲ.

ಪಂದ್ಯಾವಳಿಯ ದಿನ ನಮ್ಮವರು ಮೈ ಬಿಸಿ ಮಾಡಿಕೊಳ್ಳಲು ನನ್ನನ್ನು ಹೊರತೆಗೆದರು. ಉರುಳಿಕೊಂಡು ಹೋದ ನನ್ನನ್ನು ಅಂಪೈರ್ ಎತ್ತಿಕೊಂಡರು. ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿ, "ಏನ್ರೀ ಇದು, ಬಾಲೋ ಕುಂಬಳಕಾಯೋ?" ಎಂದು ನಕ್ಕರು.

ಆಚಾರ್‌ಗೆ ಸಿಟ್ಟು ಬಂತು. "ನಮ್ ಡಿಪೋ ಲಕ್ಷ್ಮಿ ಸಾರ್ ಅದು. ಹಂಗೆಲ್ಲ ಅನ್ಬೇಡಿ" ಎಂದು ನನ್ನನ್ನು ಇಸಿದುಕೊಂಡು, ಪಂಚೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದರು. ಎಲ್ಲರೂ ನಕ್ಕರು. ದೊಡ್ಡಸ್ವಾಮಿಯೂ ನಕ್ಕ.

ನಾನು ನಗಲಿಲ್ಲ. ಜಲಂಧರದ ತಕ್ಕಡಿ ನೆನಪಾಯಿತು. ಆವತ್ತಿನ ನಾನೆಲ್ಲಿ, ಎಣ್ಣೆ ಕುಡಿದು ಕೊಬ್ಬಿದ ಇವತ್ತಿನ ನಾನೆಲ್ಲಿ? ಅವನ ಕೈ ಕೆಟ್ಟಿರಲಿಲ್ಲ. ನನ್ನ ಭಾರವನ್ನು ಕಲಿತ ಕೈ ಅದು, ಬೇರೆ ಚೆಂಡಿನ ಮುಂದೆ ಸೋಲಲೇಬೇಕು. ಬಾಯಿದ್ದಿದ್ದರೆ ಬಲೆಚೀಲ ಹರಿದುಕೊಂಡು ಹೋಗಿ ಹೇಳುತ್ತಿದ್ದೆ, "ದೊಡ್ಡಸ್ವಾಮಿ, ನಿನ್ನದಲ್ಲಪ್ಪ, ನನ್ನ ಭಾರ ಅದು." ನನ್ನೊಳಗೆ ಇದ್ದದ್ದು ಗಾಳಿ ಮಾತ್ರ.

ಆ ಪಂದ್ಯ ಕೊನೆಯ ಸೆಟ್‌ವರೆಗೂ ಎಳೆಯಿತು. ಮುನಾವರ್ ದಿಕ್ಕು ತಪ್ಪಿದ ಚೆಂಡನ್ನೆಲ್ಲ ಹೇಗೋ ಹೊಡೆದು ಮಾನ ಉಳಿಸಿದ್ದ. "ಹೆಂಗಾದ್ರೂ ಕೊಡು ಸ್ವಾಮಣ್ಣ, ನಾನ್ ನೋಡ್ಕೊತೀನಿ" ಎನ್ನುತ್ತಿದ್ದ. ಆ ಒಳ್ಳೆಯ ಮಾತು ದೊಡ್ಡಸ್ವಾಮಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಎದುರಿನವರು ಗೆಲ್ಲಲು ಒಂದೇ ಒಂದು ಪಾಯಿಂಟ್ ಉಳಿದಾಗ ಚೆಂಡು ಅವನ ತಲೆಯ ಮೇಲೆ ಬಂತು. ಎಡಕ್ಕೆ ಕೆಂಪರಾಜು "ಇತ್ಲಾಗೆ!" ಎಂದು ಕೂಗಿದ, ಹಿಂದಿನಿಂದ ಮುನಾವರ್ ಕೂಗಿದ. ದೊಡ್ಡಸ್ವಾಮಿಯ ಬೆರಳು ಚೆಂಡನ್ನು ಮುಟ್ಟಿದವು, ಬಿಡಲಿಲ್ಲ. ಹಾರಿಬಿಡುತ್ತದೆಂಬ ಭಯದಲ್ಲಿ ಒಂದು ಚಣ ಹಿಡಿದೇ ನಿಂತುಬಿಟ್ಟವು. ಅಂಪೈರ್ ಸೀಟಿ ಊದಿದರು. ಚೆಂಡು ಹಿಡಿದದ್ದಕ್ಕೆ ಪಾಯಿಂಟ್ ಎದುರಿನವರಿಗೆ, ಅಲ್ಲಿಗೆ ಪಂದ್ಯವೂ ಮುಗಿಯಿತು.

ದೊಡ್ಡಸ್ವಾಮಿ ನಂಬರಿನ ಬನಿಯನ್ ತೆಗೆದು, ಮಡಿಚಿ, ಆಚಾರ್ ತೊಡೆಯ ಮೇಲಿಟ್ಟು, "ನನ್ ಕೈ ಸರಿಯಿಲ್ಲ ಆಚಾರ್ರೇ. ಇನ್ನು ಕರೀಬೇಡಿ" ಎಂದ.

ಅಂದಿನಿಂದ ಅವನು ಅಂಗಳಕ್ಕೆ ಬರಲಿಲ್ಲ. ಸಂಜೆ ಊರಲ್ಲೇ ಇರಬಾರದೆಂದು ದೂರದ ಹಳ್ಳಿಯಲ್ಲಿ ತಂಗುವ ಬಸ್ಸಿನ ಡ್ಯೂಟಿ ಕೇಳಿ ಹಾಕಿಸಿಕೊಂಡನಂತೆ. ಬೇವಿನ ಕೊಂಬೆ ಬರಿದಾಗಿ ನಿಂತಿತು. ಒಂದು ದಿನ ಮುನಾವರ್ ಆಚಾರ್‌ಗೆ ಹೇಳುತ್ತಿದ್ದ, "ಸ್ವಾಮಣ್ಣ ಈಗ ಟಿಕೆಟ್ ಹರಿಯೋಕೂ ಯೋಚ್ನೆ ಮಾಡ್ತಾನೆ ಆಚಾರ್ರೇ. ಹರಿದ್ಮೇಲೆ ಬೆರಳು ನೋಡ್ಕೊತಾನೆ. ನೋಡೋಕಾಗಲ್ಲ." ಆಚಾರ್ ನನಗೆ ಎಣ್ಣೆ ತಿಕ್ಕುತ್ತಲೇ ಇದ್ದರು. ಆ ದಿನ ಮೊದಲ ಬಾರಿಗೆ ಆ ಎಣ್ಣೆ ನನಗೆ ಉರಿಯಿತು.

ಕಾಲ ಸರಿಯಿತು. ಆಚಾರ್ ನಿವೃತ್ತರಾದರು. ಹೋಗುವಾಗ ನನ್ನನ್ನು ಟೈರ್ ವಿಭಾಗದ ಅಟ್ಟಣಿಗೆಯ ಮೇಲಿಟ್ಟು ಕೈಮುಗಿದರು. ಹೊಸ ಡಿಪೋ ಮ್ಯಾನೇಜರ್ ಪಂದ್ಯಾವಳಿಯಲ್ಲಿ ಕೊಡುವಂಥವೇ ಚೆಂಡುಗಳನ್ನು ತರಿಸಿದರು. ಅವಕ್ಕೆ ಎಣ್ಣೆ ಹತ್ತುವುದಿಲ್ಲ, ಒರೆಸಿದರೆ ಸಾಕು. ತಂಡಕ್ಕೆ ಹೊಸ ಲಿಫ್ಟರ್ ಬಂದ, ಎರಡೇ ವರ್ಷದಲ್ಲಿ ಕಪ್ಪೂ ಬಂತು. ಕೆಂಪರಾಜುವಿನ ತಲೆ ಆಗ ನರೆತಿತ್ತು. "ಈಗ ಸಿಕ್ತು ನೋಡು ಒಂದು ಕೈ. ಆವತ್ತೇ ಇಂಥೋನು ಇದ್ದಿದ್ರೆ ನಮ್ಮನ್ನ ಹಿಡಿಯೋರಿರ್ತಿರ್ನಿಲ್ಲ" ಎಂದು ಅಂಗಳದಲ್ಲಿ ನಿಂತು ಹೇಳಿದ. ಕಿಟಕಿಯಿಂದ ನನಗೆ ಕೇಳಿಸಿತು. ಗೇಟಿನ ಹತ್ತಿರ ನಿಂತಿದ್ದ ದೊಡ್ಡಸ್ವಾಮಿಗೂ ಕೇಳಿಸಿರಬೇಕು. ಅವನು ಹೌದೆಂಬಂತೆ ತಲೆಯಾಡಿಸಿದ.

ಅವನ ಸರ್ವಿಸಿನ ಕೊನೆಯ ದಿನ ಟೈರ್ ವಿಭಾಗದವರಿಗೆ ಹೇಳಿಹೋಗಲು ಬಂದ. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದರು. ಕೊರಳಲ್ಲಿ ಹಾರ, ಕೈಯಲ್ಲಿ ಸಿಹಿ ಪೊಟ್ಟಣ. ಕಾಯುತ್ತಾ ನಿಂತವನ ಕಣ್ಣು ನನ್ನ ಮೇಲೆ ಬಿತ್ತು. ಪೊಟ್ಟಣ ಕೆಳಗಿಟ್ಟು ನನ್ನನ್ನು ಇಳಿಸಿಕೊಂಡ. ಧೂಳು ಕೊಡವಿದ. ಪಕ್ಕದಲ್ಲಿದ್ದ ಟೈರಿಗೆ ಗಾಳಿ ಹಾಕುವ ಪೈಪಿನಿಂದ ನನಗೊಂದಿಷ್ಟು ಗಾಳಿ ತುಂಬಿಸಿದ. ನನ್ನೊಳಗಿನ ರಬ್ಬರ್ ಬ್ಲಾಡರ್ ಹಳೆಯದು, ಒಡೆಯುತ್ತದೆಂದು ನನಗೆ ಭಯ, ಆದರೆ ಒಡೆಯಲಿಲ್ಲ.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ನನ್ನನ್ನು ಎತ್ತಿದ. ಅವೇ ಬೆರಳು. ನಾನು ನೆಟ್ಟಗೆ ಮೇಲೇರಿ, ಅವನು ಎಣಿಸಿದ ಎತ್ತರದಲ್ಲೇ ಒಂದು ಗಳಿಗೆ ತೂಗಿ, ಮತ್ತೆ ಅವನ ಕೈಗೇ ಬಂದೆ. ಮತ್ತೊಮ್ಮೆ ಎತ್ತಿದ, ಮಗದೊಮ್ಮೆ ಎತ್ತಿದ. ಒಂದೂ ತಪ್ಪಲಿಲ್ಲ. ಅವನ ಮುಖದಲ್ಲಿ ನಾನು ಎಷ್ಟೋ ಕಾಲದಿಂದ ಕಾಣದ ನಗು ಬಂತು.

ನನ್ನನ್ನು ಎದೆಗೆ ಒತ್ತಿ ಹಿಡಿದು ಮೆಲ್ಲಗೆ ಹೇಳಿದ. "ನಿನ್ನೊಬ್ಳ ಹತ್ರ ಮಾತ್ರ ನನ್ ಕೈ ಸರಿಯಾಗಿತ್ತು ನೋಡವ್ವ. ನೀನಾದ್ರೂ ಕೈ ಬುಡ್ನಿಲ್ಲ."

ಅವನ ಮಾತು ಸುಳ್ಳಲ್ಲ, ಅದೇ ನನ್ನ ಸಂಕಟ. ನನ್ನನ್ನು ಮತ್ತೆ ಅಟ್ಟಣಿಗೆಯ ಮೇಲಿಟ್ಟು, ಕೊರಳ ಹಾರದಿಂದ ಒಂದು ಸೇವಂತಿಗೆ ಕಿತ್ತು ನನ್ನ ಪಕ್ಕ ಇಟ್ಟು ಹೊರಟುಹೋದ. ಹೂವು ಯಾವತ್ತೋ ಒಣಗಿತು, ಅವನು ತುಂಬಿಸಿದ ಗಾಳಿಯೂ ಮೆಲ್ಲಗೆ ಸೋರಿಹೋಯಿತು. ಎಣ್ಣೆ ಮಾತ್ರ ಇನ್ನೂ ನನ್ನೊಳಗೇ ಇದೆ.