ಊರು ಬಾಕಿ ಇಟ್ಟ ಊಟ

ಚಿದಾನಂದಣ್ಣ ಮಾಸ್ಕನ್ನು ಗಲ್ಲಕ್ಕೆ ಎಳೆದು, ಬಾಯಲ್ಲಿದ್ದ ಎಲೆಅಡಿಕೆಯ ಕೆಂಪು ರಸವನ್ನು ನಮ್ಮ ಹೋಟೆಲಿನ ಮೆಟ್ಟಿಲ ಬದಿಯ ಹೂವಿನ ಕುಂಡಕ್ಕೆ ಉಗುಳಿ, ಮಾಸ್ಕನ್ನು ಪುನಃ ಮೇಲಕ್ಕೆಳೆದುಕೊಂಡರು. ಮೂಗು ಹೊರಗೇ ಉಳಿಯಿತು. ಆಮೇಲೆ ಅದೇ ಕೈಯಿಂದ ನನ್ನ ಅಂಗೈಗೆ ಸ್ಯಾನಿಟೈಸರ್ ಹಾಕಲು ಬಂದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಸರಸಕ್ಕ, ಇಡೀ ಪೇಟೆ ತೆರೆಯುವಾಗ ನಿಮ್ಮ ಹೋಟೆಲಿಗೆ ಬೀಗ ಇರುವುದು ಚಂದ ಅಲ್ಲ" ಎಂದರು.

ಅವರು ಮೂಡುಬಿದಿರೆ ಪೇಟೆಯ ವರ್ತಕರ ಕೂಟದ ಅಧ್ಯಕ್ಷರು. ನಮ್ಮವರು, ಅಂದರೆ ನನ್ನ ಗಂಡ ಮುಂಡಪ್ಪ, ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಲಾಕ್‌ಡೌನ್ ಸಡಿಲವಾಗಿ ಕಾಲೇಜು ಶುರುವಾಗಿತ್ತು. ಜನರ ಹೆದರಿಕೆ ಬಿಡಿಸಲು ಕೂಟದವರೊಂದು ಕಾರ್ಯಕ್ರಮ ಮಾಡಿದ್ದರು. ಬಸ್‌ಸ್ಟ್ಯಾಂಡಿನಿಂದ ಬಸದಿಯ ರಸ್ತೆಯವರೆಗೆ ಬ್ಯಾನರು: 'ಎಲ್ಲ ಸರಿಯಾಗಿದೆ. ಬನ್ನಿ, ಉಣ್ಣಿ, ಪುನಃ ಬನ್ನಿ!' ಕೂಟದವರೆಲ್ಲ ಕೂತು ಉಣ್ಣುವುದನ್ನು ವಿಡಿಯೋ ಮಾಡಿ ಎಲ್ಲರ ಮೊಬೈಲಿಗೆ ಹಾಕುವುದಂತೆ. ಅದಕ್ಕೆ ನಮ್ಮ ಹೋಟೆಲೇ ಬೇಕು. ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಇನ್ನೊಂದು ಇರುವುದು ಪೇಟೆಯಲ್ಲಿ ನಮ್ಮಲ್ಲಿ ಮಾತ್ರ.

"ವಿಡಿಯೋ ಓಡಿದರೆ ನಿಮ್ಮ ಹೋಟೆಲು ನಿಂತ್ಕೊಳ್ತದೆ ಅಕ್ಕ. ಮುಂಡಪ್ಪನಿಗೂ ಸಂತೋಷ ಆಗ್ತದೆ."

ಆ ಹೆಸರನ್ನು ಆ ಬಾಯಿಂದ ಕೇಳಿದ್ದೇ ನನಗೆ ಮೈಯೆಲ್ಲ ಉರಿಯಿತು.

ನಮ್ಮವರು ತೀರಿಹೋದದ್ದು ಎರಡನೇ ಅಲೆಯಲ್ಲಿ, ಮೇ ತಿಂಗಳಲ್ಲಿ. ಹೆಣ ಮನೆಗೆ ಬರಲಿಲ್ಲ. ಆಂಬ್ಯುಲೆನ್ಸ್ ಓಡಿಸುವ ಯಾಕೂಬ್, ನನ್ನ ಮಗ ತರುಣ್, ನಾನು, ಮೂವರೇ ನಿಂತು ಬೆಂಕಿ ಕೊಟ್ಟೆವು. ನಮ್ಮಲ್ಲಿ ಸತ್ತವರ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಆ ದಿನ ಸತ್ತವರ ಎಲೆಗೆ ಬಡಿಸಿ, ಊರಿಗೆ ಊಟ ಹಾಕಬೇಕು. ಊರು ಉಣ್ಣದಿದ್ದರೆ ಬೊಜ್ಜ ಮುಗಿದ ಹಾಗಲ್ಲ ಎಂದು ನಮ್ಮವರೇ ಹೇಳುತ್ತಿದ್ದರು. ಯಾರ ಮನೆಯ ಬೊಜ್ಜವಾದರೂ ಸೊಂಟಕ್ಕೆ ಬೈರಾಸು ಟವೆಲು ಬಿಗಿದು ಅನ್ನದ ಬಾಲ್ದಿ ಹಿಡಿಯುವವರು ಅವರು. ಚಿದಾನಂದಣ್ಣನ ತಂದೆಯ ಬೊಜ್ಜದಲ್ಲಿ ಬಾಲ್ದಿ ಹೊತ್ತು ಹೊತ್ತು ಅವರ ಭುಜ ಊದಿತ್ತು. ಮದುವೆಯಾದ ಹೊಸದರಲ್ಲಿ ನಾನೊಂದು ಬೊಜ್ಜದ ಮನೆಯಲ್ಲಿ ಉಂಡು, ಬಾಯಿತಪ್ಪಿ "ಬರ್ತೇನೆ" ಎಂದಿದ್ದೆ. ಅಂಥ ಮನೆಯಿಂದ ಹಾಗೆ ಹೇಳಿ ಹೊರಡುವ ಕ್ರಮ ಇಲ್ಲ, ಮತ್ತೊಂದು ಸಾವಿಗೆ ಬರುತ್ತೇನೆ ಎಂದ ಹಾಗಾಗುತ್ತದೆ. "ಇನ್ನು ಯಾರನ್ನು ಸಾಯಿಸ್ಲಿಕ್ಕೆ ಉಂಟು ನಿಂಗೆ?" ಎಂದು ದಾರಿಯುದ್ದಕ್ಕೂ ತಮಾಷೆ ಮಾಡಿ ನನ್ನ ಜೀವ ತಿಂದಿದ್ದರು.

ಅಂಥವರ ಬೊಜ್ಜಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಸರ್ಕಾರ ಹೇಳಿದಷ್ಟೇ ಜನಕ್ಕೆ ದೂರ ದೂರ ಎಲೆ ಹಾಕಿ ಕಾದೆ. ಸಂಜೆ ಚಿದಾನಂದಣ್ಣ ಫೋನು ಮಾಡಿದರು. "ರೂಲ್ಸ್ ಉಂಟಲ್ಲ ಅಕ್ಕ. ಎಲ್ಲ ಸರಿಯಾದ ಮೇಲೆ ಒಂದು ದಿನ ಬಂದು ಉಂಡು ಹೋಗ್ತೇವೆ." ಆ ವಾರವೇ ಅವರ ಮಗಳ ನಿಶ್ಚಿತಾರ್ಥ ನಡೆಯಿತು. ಅಂಗಳದ ತುಂಬ ಜನ. ಮಾಸ್ಕಿಲ್ಲದ ಬಾಯಿಗಳು ಒಬ್ಬರಿಗೊಬ್ಬರು ಲಾಡು ತಿನ್ನಿಸುತ್ತಿದ್ದವು. ಫೋಟೋ ಹಾಕಿದ್ದೂ ಅವರೇ. ಕಾಯಿಲೆಗೆ ಹೆದರಿ ಬಾರದವರನ್ನು ನಾನು ಬಯ್ಯುವುದಿಲ್ಲ, ನನಗೂ ಹೆದರಿಕೆ ಇತ್ತು. ಇವರದ್ದು ಹೆದರಿಕೆ ಅಲ್ಲ, ಅಸಹ್ಯ ಬುದ್ಧಿ.

"ಆಯ್ತು, ಭಾನುವಾರ ಮಧ್ಯಾಹ್ನ ಬನ್ನಿ" ಎಂದೆ. "ಅಡಿಗೆ ನಾನು ಹೇಳಿದ್ದು. ಎಲ್ಲರೂ ಬಾಳೆಎಲೆಯಲ್ಲಿ ಉಣ್ಣಬೇಕು."

"ಅದೇ ಅಲ್ವಾ ನಮ್ಮ ಸಂಸ್ಕೃತಿ!" ಎಂದು ಹೆಬ್ಬೆರಳು ಎತ್ತಿದರು.

ತರುಣ್‌ಗೆ ಹೇಳಿದಾಗ ಅವನು ತಲೆಗೆ ಕೈ ಹೊತ್ತ. "ಬೇಡ ಅಮ್ಮ. ಈ ಒಂದು ವಿಡಿಯೋದಿಂದಲಾದ್ರೂ ಜನ ಬಂದಾರು. ಅದನ್ನೂ ಹಾಳು ಮಾಡಿದ್ರೆ ಹೋಟೆಲು ಮುಚ್ಚುವುದೇ. ಮತ್ತೆ ಎಂತ ಮಾಡುವುದು ನಾವು?"

"ಮುಚ್ಚುವ. ಆದರೆ ನಿನ್ನ ಅಪ್ಪನ ಊಟ ಮೊದಲು ಆಗಲಿ" ಎಂದೆ. ಅವನು ಅಟ್ಟದಿಂದ ಅಪ್ಪನ ಬೈರಾಸು ತೆಗೆದು ತಂದು ಕೊಡವಿದ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ಬೆಳ್ತಂಗಡಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಇನ್ನೊಂದು ಬಸ್ಸಿನ ಕಂಡಕ್ಟರ್ ಬಂಟ್ವಾಳ ಬಂಟ್ವಾಳ ಎಂದು ಕೂಗುತ್ತಿದ್ದ, ಹಾಸ್ಟೆಲಿನ ಮಕ್ಕಳು ಬ್ಯಾಗು ಎಳೆದುಕೊಂಡು ಸಾಲಾಗಿ ಹೋಗುತ್ತಿದ್ದರು. ಒಬ್ಬಳು ಹುಡುಗಿ ಒಳಗಿಣುಕಿ "ಆಂಟಿ, ನೀರುದೋಸೆ ಯಾವಾಗ ಶುರು?" ಎಂದು ಕೇಳಿದಳು. "ನಾಳೆ ಬಾ" ಎಂದೆ. ನಾಳೆ ಎನ್ನುವುದು ಉಂಟೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಹನ್ನೆರಡೂವರೆಗೆ ಕೂಟದವರು ಬಂದರು. ಬಾಗಿಲಲ್ಲಿ ಹಣೆಗೆ ಜ್ವರದ ಗನ್ನು ಹಿಡಿಸಿಕೊಂಡರು, ನೆಲದಲ್ಲಿ ಬರೆದ ವೃತ್ತಗಳಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ಮುಗಿದದ್ದೇ ವೃತ್ತ ಬಿಟ್ಟು ಒಟ್ಟು ಸೇರಿ ಒಬ್ಬರ ಕಿವಿಯಲ್ಲಿ ಒಬ್ಬರು ನಗತೊಡಗಿದರು. ಉಣ್ಣಲು ಕೂತಾಗ ಮಾಸ್ಕುಗಳು ಕಳಚಿದವು. ಒಬ್ಬರದ್ದು ಉಪ್ಪಿನ ತಟ್ಟೆಯ ಪಕ್ಕ ಎಂಜಲಿನ ತೇವದೊಂದಿಗೆ ಬಿದ್ದಿತ್ತು, ಮತ್ತೊಬ್ಬರದ್ದು ಮೊಣಕೈಯಲ್ಲಿ ನೇತಾಡುತ್ತಿತ್ತು. ಆ ತೇವ ನೋಡಿ ನಾನು ಸೆರಗನ್ನು ಮೂಗಿಗೆ ಹಿಡಿದೆ. ಯಾಕೂಬ್ ಮಾತ್ರ ಬಾಗಿಲ ಹತ್ತಿರದ ಎಲೆಗೆ ಬಂದು ಕೂತ. ಅವನನ್ನು ಕರೆದದ್ದು ನಾನು.

ಯಾರಿಗೂ ಬಡಿಸುವ ಮೊದಲು, ಗಲ್ಲಾದ ಪಕ್ಕ ತೆಂಕು ದಿಕ್ಕಿನ ಗೋಡೆಗೆ ಎದುರಾಗಿ ಹಾಕಿದ್ದ ಎಲೆಗೆ ಬಡಿಸಿದೆ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಾಂಬಾರು, ಅಲಸಂಡೆ ಪಲ್ಯ, ಹೆಸರುಬೇಳೆ ಪಾಯಸ. ಪಕ್ಕದಲ್ಲಿ ನಮ್ಮವರ ಇಷ್ಟದ ಖಡಕ್ ಚಹಾ. ದೀಪ ಹಚ್ಚಿದೆ.

ಚಿದಾನಂದಣ್ಣನ ಅಳಿಯ ಭವಿತ್ ಕ್ಯಾಮೆರಾ ಹಿಡಿದಿದ್ದ. "ಅದನ್ನು ತೆಗಿ ಮಾರಾಯ, ಅದನ್ನು ತೆಗಿ!" ಎಂದು ಚಿದಾನಂದಣ್ಣ ಎಲೆಯತ್ತ ಕೈ ತೋರಿಸಿದರು. "ನೋಡಿ, ದೇವರಿಗೆ ಬಡಿಸದೆ ನಮ್ಮಲ್ಲಿ ಊಟ ಇಲ್ಲ!" ಎಷ್ಟು ಬೊಜ್ಜ ಉಂಡ ಹೊಟ್ಟೆ ಅದು. ತೆಂಕು ಸತ್ತವರ ದಿಕ್ಕು ಎನ್ನುವುದೇ ಕ್ಯಾಮೆರಾದ ಎದುರು ಮರೆತುಹೋಗಿತ್ತು.

ತರುಣ್ ಸೊಂಟಕ್ಕೆ ಬೈರಾಸು ಬಿಗಿದು ಬಾಲ್ದಿ ಹಿಡಿದ. ಅನ್ನ ಬಂತು, ಸಾಂಬಾರು ಬಂತು. ಉಣ್ಣುವುದನ್ನು ಒಂದಷ್ಟು ತೆಗೆದು ಭವಿತ್ ಬ್ಯಾನರು ತೆಗೆಯಲು ಹೊರಗೆ ಹೋದ. ಎಲ್ಲರೂ ಸೊರಸೊರ ಉಣ್ಣುತ್ತಿದ್ದರು. ಆಗ ಅಭಯಚಂದ್ರ ಮಾಸ್ಟ್ರು ಕೈ ನಿಲ್ಲಿಸಿದರು. ನಮ್ಮವರಿಗೂ ಚಿದಾನಂದಣ್ಣನಿಗೂ ಪಾಠ ಹೇಳಿದ ಹಿರಿಯರು. ಮೇ ತಿಂಗಳಲ್ಲಿ ಅವರೂ ಆಸ್ಪತ್ರೆಯಲ್ಲಿದ್ದರು. ಅವರು ಆ ಎಲೆಯನ್ನು ನೋಡಿದರು, ತರುಣ್‌ನ ಸೊಂಟದ ಬೈರಾಸನ್ನು ನೋಡಿದರು.

"ಸರಸಾ, ಇದು ಮುಂಡಪ್ಪನ ಎಲೆಯಾ?"

"ಹೌದು ಮಾಸ್ಟ್ರೇ. ಅವರ ಬೊಜ್ಜದ ಊಟ."

ಸೊರಸೊರ ನಿಂತಿತು. ಚಿದಾನಂದಣ್ಣನ ಬಾಯಲ್ಲಿ ಅನ್ನ ಹಾಗೆಯೇ ಇತ್ತು, ನುಂಗಲೂ ಆಗದೆ ಉಗುಳಲೂ ಆಗದೆ. ಕೊನೆಗೆ ನುಂಗಿದರು. "ಹೇಳದೆ ಮಾಡುವುದಾ ಅಕ್ಕ? ಇದು ಮೋಸ ಅಲ್ವಾ?"

"ಹೇಳಿದ್ದು ನೀವೇ ಚಿದಾನಂದಣ್ಣ. ಎಲ್ಲ ಸರಿಯಾದ ಮೇಲೆ ಬಂದು ಉಂಡು ಹೋಗ್ತೇವೆ ಅಂತ. ಎಲ್ಲ ಸರಿಯಾಗಿದೆ ಅಂತ ಬ್ಯಾನರು ಕಟ್ಟಿಸಿದ್ದೂ ನೀವೇ. ನಾನು ಬಡಿಸಿದೆ ಅಷ್ಟೆ."

ಅವರು ಏಳಲು ನೋಡಿದರು. "ಕೂತ್ಕೊ ಚಿದಾನಂದ" ಎಂದರು ಮಾಸ್ಟ್ರು, ತರಗತಿಯಲ್ಲಿ ಹೇಳುವ ಹಾಗೆ. "ಅರ್ಧ ಉಂಡು ಎದ್ದರೆ ಅವನಿಗೆ ಅವಮಾನ." ಹಾಗೆಂದು ತಮ್ಮ ಅನ್ನಕ್ಕೆ ಸಾಂಬಾರು ಕಲಸಿಕೊಂಡರು. ಯಾಕೂಬ್ ತರುಣ್‌ನನ್ನು ಕರೆದು ಇನ್ನಷ್ಟು ಅನ್ನ ಹಾಕಿಸಿಕೊಂಡ.

ಎಲ್ಲರೂ ಉಂಡರು. ವಿಷ ನುಂಗುವವರ ಹಾಗೆ ಮುಖ ಮಾಡಿ ಉಂಡರು. ಆ ಮುಖಗಳನ್ನು ನೋಡಿ ನನಗೆ ಮರುಕ ಬರಲಿಲ್ಲ, ಜಯ ಸಿಕ್ಕಿದ ಹಾಗೂ ಆಗಲಿಲ್ಲ. ಇಂಥವರ ಮನೆಯ ಅನ್ನದ ಬಾಲ್ದಿ ಹೊತ್ತು ಭುಜ ಊದಿಸಿಕೊಂಡ ಮನುಷ್ಯನ ನೆನಪಾಗಿ, ಅಡಿಗೆ ಕೋಣೆಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಪಾಯಸ ಬಡಿಸಲು ಪುನಃ ಹೊರಗೆ ಬಂದೆ.

ಕೈತೊಳೆದು ಒಬ್ಬೊಬ್ಬರೇ ಹೊರಗಿನ ಬಾಗಿಲಿನಿಂದ ಹೋದರು. ಮಾಸ್ಟ್ರು ತರುಣ್‌ನ ತಲೆ ಸವರಿ ಹೋದರು. ಯಾಕೂಬ್ ನನ್ನತ್ತ ಒಮ್ಮೆ ನೋಡಿ ಮೆಟ್ಟಿಲಿಳಿದ. ಯಾರೂ ಏನೂ ಹೇಳಲಿಲ್ಲ.

ಕೊನೆಗೆ ಚಿದಾನಂದಣ್ಣ ಬಂದರು. ಬಾಗಿಲ ಹೊರಗೆ ಭವಿತ್ ಕ್ಯಾಮೆರಾ ಇಟ್ಟು ಕಾಯುತ್ತಿದ್ದ. ಹೊರಗಿದ್ದ ಅವನಿಗೆ ಒಳಗಿನದ್ದು ಪೂರಾ ತಿಳಿದಿರಲಿಲ್ಲವೋ ಏನೋ. "ಮಾವ, ಅದೊಂದು ಬಾಕಿ ಉಂಟು" ಎಂದ. "ಹೋಟೆಲಿನ ಬೋರ್ಡ್ ಕಾಣುವ ಹಾಗೆ ನಿಂತು, ಸರಸಕ್ಕನನ್ನು ನೋಡಿ, 'ಪುನಃ ಬರ್ತೇವೆ' ಅಂತ ಹೇಳಿ. ಅದಿಲ್ಲದೆ ವಿಡಿಯೋ ಮುಗಿಯುವುದಿಲ್ಲ."

ಚಿದಾನಂದಣ್ಣ ನನ್ನ ಕಡೆ ತಿರುಗಿದರು. ನಾನು ಕೈಕಟ್ಟಿ ನಿಂತಿದ್ದೆ. ಅವರ ಬಾಯಿ ತೆರೆಯಿತು. ಹಿಂದೆ ಗಾಳಿಗೆ ಅವರದೇ ಬ್ಯಾನರು ಪಟಪಟ ಬಡಿಯುತ್ತಿತ್ತು.

"ಹೇಳಿ ಮಾವ, ಆನ್ ಉಂಟು."

ಅವರು ಜೇಬಿನಿಂದ ಮಾಸ್ಕು ತೆಗೆದು ಬಾಯಿ ಮುಚ್ಚಿದರು, ಮೂಗೂ ಮುಚ್ಚಿದರು, ತುದಿ ಒತ್ತಿ ಸರಿ ಮಾಡಿಕೊಂಡರು. ಮಾತಿಲ್ಲದೆ ಮೆಟ್ಟಿಲಿಳಿದು ಹೋದರು.

"ಇನ್ನು ಯಾರು ಬರ್ತಾರೆ ಅಮ್ಮ ನಮ್ಮ ಹೋಟೆಲಿಗೆ?" ಎಂದು ತರುಣ್ ಕೇಳಿದ.

"ನಾಳೆಯ ನೀರುದೋಸೆಗೆ ಅಕ್ಕಿ ನೆನೆಹಾಕು" ಎಂದೆ. ಆಮೇಲೆ ತೆಂಕು ಗೋಡೆಯ ಎದುರು ಕೂತು, ನಮ್ಮವರಿಗೆ ಕೇಳುವ ಹಾಗೆ ಹೇಳಿದೆ: "ಊರು ಉಂಡಿತು. ಒಬ್ಬನೂ ಬರ್ತೇನೆ ಅನ್ನಲಿಲ್ಲ."