ಗಾಜಿಗೆ ಅಂಟಿಸಿದ ಬಯೋಡೇಟಾ

ಮೊದಲ ಫೋನ್ ಬಂದಾಗ, ಕೆಲಸಕ್ಕೆ ಅರ್ಜಿ ಹಾಕಿದ್ದ ಗಾರ್ಮೆಂಟ್ಸ್‌ನವರದೇ ಇರಬೇಕೆಂದು, ಕೈಯಲ್ಲಿದ್ದ ರಾಗಿಹಿಟ್ಟನ್ನೂ ತೊಳೆಯದೆ ಎತ್ತಿಕೊಂಡೆ. "ಫೋಟೋದಲ್ಲಿ ಚೆನ್ನಾಗಿದ್ದೀರ ಕಣ್ರೀ" ಎಂದ ಯಾವನೋ. ಮೂರು ದಿನದಲ್ಲಿ ಅಂಥವು ಹನ್ನೊಂದು ಬಂದವು. ಒಬ್ಬನಿಗಂತೂ ನಾನು ಬೈರಾಪಟ್ಟಣದ ರಾಧಾಮಣಿ ಎಂಬುದರ ಜೊತೆಗೆ ಹುಟ್ಟಿದ ತಾರೀಖೂ ಗೊತ್ತಿತ್ತು.

ಹನ್ನೊಂದನೆಯದನ್ನು ಎತ್ತಿದ್ದು ಅಣ್ಣ ಮನೋಹರ್. ಕೇಳಬೇಕೇ?

"ಇನ್ನೊಂದು ಇಂಥ ಫೋನ್ ಬರ್ಲಿ, ಸಿಮ್ ಮುರ್ದಾಕ್ಬುಡ್ತೀನಿ. ಕೆಲ್ಸಾನೂ ಬ್ಯಾಡ, ಏನೂ ಬ್ಯಾಡ, ಮನೇಲಿರು."

ಫೋನ್ ಮಾಡಿದವನು ಯಾವನೋ, ಶಿಕ್ಷೆ ನನಗೆ. ರಾಮನಗರದ ಆ ಗಾರ್ಮೆಂಟ್ಸ್ ಕಚೇರಿಯವರು ಸಂದರ್ಶನಕ್ಕೆ ಕರೆಯುತ್ತೇವೆ ಎಂದಿದ್ದು ಅದೇ ನಂಬರಿಗೆ. ಬಿ.ಕಾಂ. ಮುಗಿಸಿ ಎರಡು ವರ್ಷ ಕಾದಿದ್ದೆ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ನಂಬರು ಕೊಟ್ಟಿದ್ದು ಎರಡೇ ಕಡೆ. ಒಂದು ಕಂಪನಿಗೆ, ಇನ್ನೊಂದು ಬಯೋಡೇಟಾ ಟೈಪ್ ಮಾಡಿಕೊಟ್ಟ ಚನ್ನಪಟ್ಟಣ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ ಪ್ರಕಾಶನಿಗೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ.

ಅಂಗಡಿಯ ಗಾಜಿಗೆ ಲಗ್ನಪತ್ರಿಕೆಯ ಸ್ಯಾಂಪಲ್‌ಗಳನ್ನು ಅಂಟಿಸುವುದು ಅವನ ರೂಢಿ. ಅವುಗಳ ಪಕ್ಕದಲ್ಲೇ ನಾನು ನಗುತ್ತಿದ್ದೆ. ಫೋಟೋ, ಫೋನ್ ನಂಬರ್, ಹುಟ್ಟಿದ ತಾರೀಖು, ಅಪ್ಪನ ಹೆಸರು, ಜಾತಿ, ಮನೆ ವಿಳಾಸ, ಒಂದೂ ಬಿಟ್ಟಿರಲಿಲ್ಲ. ಮೇಲೆ ದಪ್ಪಕ್ಷರದಲ್ಲಿ, 'ಬಯೋಡೇಟಾ ಮಾಡಿಕೊಡಲಾಗುವುದು.' ಬಸ್ಸು ಕಾಯುವವರಿಗೆ ಓದಲು ಬೇರೇನು ಬೇಕು?

"ನಿಂದೇ ಚೆಂದಾಗಿ ಬಂದಿತ್ತು ಕಣಮ್ಮ, ಅದ್ಕೇ ಹಾಕ್ದೆ. ಖುಷಿ ಪಡೋದ್ ಬುಟ್ಟು ಕ್ವಾಪ ಮಾಡ್ಕೊತೀಯಲ್ಲ!" ಎಂದ ಪ್ರಕಾಶ.

"ನನ್ನ ಒಂದ್ ಮಾತು ಕೇಳಿದ್ರಾ?"

"ಕೇಳೋದೇನೈತೆ? ನೀನೇ ತಾನೆ ಕೊಟ್ಟಿದ್ದು?"

"ಟೈಪ್ ಮಾಡಕ್ಕೆ ಕೊಟ್ಟೆ. ಬಸ್ ಸ್ಟ್ಯಾಂಡ್‌ಗೆ ಕೊಡ್ಲಿಲ್ಲ."

ಹಾಳೆ ಕಿತ್ತು ಕೈಗೆ ಕೊಟ್ಟ. ನಾನು ಕದಲಲಿಲ್ಲ. ಅವನ ಕಂಪ್ಯೂಟರಿನಲ್ಲಿ ನನ್ನ ಬಯೋಡೇಟಾ ಹಾಗೇ ಇತ್ತು. ಹೊಸಬರು ಬಂದಾಗ ಹಳಬರದನ್ನೇ ತೆರೆದು, ಹೆಸರು ಬದಲಿಸಿ ಟೈಪ್ ಮಾಡುತ್ತಾನಂತೆ. ಅಳಿಸಿ ಎಂದೆ. ಆಮೇಲೆ ನೋಡೋಣ ಎಂದ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. "ಹಲೋ, ಮದುವೆ ಆಗಿದ್ಯಾ?" ಎಂದು ಶುರುಮಾಡಿದ ಒಬ್ಬ. ಸ್ಪೀಕರ್ ಒತ್ತಿ ಪ್ರಕಾಶನ ಮುಂದೆ ಹಿಡಿದೆ.

"ಮಾತಾಡಿ. ನಿಮ್ ಗಿರಾಕಿ."

ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು, ಎಲ್ಲರೂ ಕೇಳಿಸಿಕೊಂಡರು. ಪ್ರಕಾಶ ಕಿವಿಯವರೆಗೂ ಕೆಂಪಾಗಿ, ಫೋನ್ ಕಟ್ ಮಾಡಿ ಮೌಸ್ ಹಿಡಿದ. ನನ್ನದಷ್ಟೇ ಅಲ್ಲ, ಮೆಹ್ರೀನ್, ಭಾನುಪ್ರಿಯ ಎಂಬ ಹುಡುಗಿಯರವು, ಇನ್ನೂ ಯಾರ್ಯಾರವೋ ಬಯೋಡೇಟಾಗಳು ಇದ್ದವು. ಎಲ್ಲವನ್ನೂ ಅಳಿಸುವವರೆಗೆ ಸ್ಟೂಲಿನ ಮೇಲೆ ಕುಳಿತೇ ಇದ್ದೆ. ಮೂರು ಬಸ್ಸು ಹೋದವು, ಹೋಗಲಿ ಎಂದುಕೊಂಡೆ.

ಸಂಜೆಯೊಳಗೆ ಕಂಪನಿಯ ಫೋನ್ ಬಂತು. ಅಣ್ಣ ಕೈ ಚಾಚಿದ. ನಾನೇ ಎತ್ತಿದೆ. ಸಂದರ್ಶನಕ್ಕೆ ಕರೆದಿದ್ದರು. ಅಲ್ಲಿ ಕೊಟ್ಟ ಫಾರಂನಲ್ಲಿ ಮದುವೆ, ಜಾತಿ ಎಂದಿದ್ದ ಜಾಗಗಳನ್ನು ಖಾಲಿ ಬಿಟ್ಟೆ. ಯಾಕಮ್ಮ ಎಂದರು. ಕೆಲಸಕ್ಕೆ ಬೇಕಾದ್ದೆಲ್ಲ ಬರೆದಿದ್ದೀನಿ ಸಾರ್ ಎಂದೆ. ಕೆಲಸ ಕೊಟ್ಟರು, ಮುನ್ನೂರು ಹೆಂಗಸರ ಫೈಲು ನೋಡಿಕೊಳ್ಳುವುದು. ಬೀರುವಿನ ಬೀಗದ ಕೈಯೂ ನನ್ನದೇ.

ತಿಂಗಳು ಕಳೆದಿರಲಿಲ್ಲ, ಅಣ್ಣ ಕಾಫಿ ಲೋಟ ಹಿಡಿದು ಪಕ್ಕ ಬಂದು ಕುಳಿತ. ದನಿಯಲ್ಲಿ ಬೆಣ್ಣೆ.

"ನಿಮ್ ಕಂಪ್ನೀಲಿ ಸಾತನೂರು ಕಡೆ ಹುಡ್ಗಿ ಒಬ್ಳವ್ಳಂತೆ. ನಮ್ ಫ್ರೆಂಡ್ ನಾಗರಾಜು ನೋಡವ್ನೆ. ಒಸಿ ನಂಬರ್ ಕೊಡೇ."

"ಆಗಲ್ಲ."

"ನಾನು ನಿನ್ನಣ್ಣ ಕಣೇ!"

"ಅವ್ಳಿಗೂ ಒಬ್ಬ ಅಣ್ಣ ಇರ್ತಾನೆ. ಅವ್ನೂ ಸಿಮ್ ಮುರಿತಾನೆ. ಅವ್ಳ ಕೆಲ್ಸ ಹೋಯ್ತದೆ."

ಅಣ್ಣ ನನ್ನ ಮುಖ ನೋಡಿದ. ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಲೋಟ ತೊಳೆಯಲು ಎದ್ದು ಹೋದ. ಅವನು ಲೋಟ ತೊಳೆದಿದ್ದನ್ನು ನಾನು ನೋಡಿದ್ದು ಅದೇ ಮೊದಲು.