ಬಿಗಿಹಿಡಿದ ಉಸಿರಿನ ಅಳತೆ

ದರ್ಜಿಯಮ್ಮನ ಟೇಪಿಗೆ ಮೋಸ ಮಾಡಿ ಹೋದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಟೇಪು ಸೊಂಟ ಮುಟ್ಟಿದ್ದೇ ತಡ, ಹೆಂಗಸರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಇವಳೋ ಮಹಾ ಕಿಲಾಡಿ. "ನಿಮ್ಮತ್ತೆ ಹೇಗಿದ್ದಾರೆ?" ಅಂತ ಕೇಳಿದರೆ ಸಾಕು, ಮಾತೂ ಹೊರಗೆ, ಹೊಟ್ಟೆಯೂ ಹೊರಗೆ. "ಅಳತೆ ಹತ್ರ ಸುಳ್ಳಾಡಿದ್ರೆ ಆಮೇಲೆ ಹರಿಯೋದು ಹೊಲಿಗೇನೇ" ಅನ್ನುತ್ತಿದ್ದಳು. ಅಂಥವಳು ಹೆತ್ತ ಮಗಳಿಗೇ ಉಸಿರು ಬಿಗಿಹಿಡಿಯೋದು ಕಲಿಸಿಬಿಟ್ಟಳು, ನೋಡಿ.

ಮಗಳು ತೆರೆದ ಬಾಯಿ ಮುಚ್ಚದ ಹುಡುಗಿ. ಮನೆಯಲ್ಲಿ ಅವಳಿಗೆ ಪಟಪಟಿ ಅಂತಲೇ ಹೆಸರು. ಅವಳು ಸಣ್ಣ ತರಗತಿಯಲ್ಲಿದ್ದಾಗ ಸರ್ಕಾರದ ಆದೇಶ ಬಂತು: ಶಾಲೆಯ ಪ್ರತಿ ಮಗುವಿಗೂ ಮನಸ್ಸಿನ ತಪಾಸಣೆ ಕಡ್ಡಾಯ, ಹೆತ್ತವರ ಒಪ್ಪಿಗೆ ಬೇಕಿಲ್ಲ. ಕೇಳಿದ್ದೇ ದರ್ಜಿಯಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಅವಳ ಅಣ್ಣನ ಊರಲ್ಲಿ ಇದು ಮೊದಲೇ ನಡೆದಿತ್ತು. ತೀರಿಹೋದ ಅಜ್ಜಿ ಕನಸಲ್ಲಿ ಬಂದು ಮಾತಾಡಿಸ್ತಾಳೆ ಅಂತ ಅಣ್ಣನ ಮಗ ಬಾಯಿಬಿಟ್ಟಿದ್ದಕ್ಕೆ ಮಾತ್ರೆ ಶುರುವಾಗಿತ್ತು. ಓಡಿ ಕುಣಿಯುತ್ತಿದ್ದ ಹುಡುಗ ಗೋಡೆ ನೋಡುತ್ತ ಕೂರುವಂತಾಗಿದ್ದ.

ಅವಳು ನಾಲ್ಕಾರು ತಾಯಂದಿರನ್ನು ಕಟ್ಟಿಕೊಂಡು ಶಾಲೆಗೆ ನುಗ್ಗಿದಳು. "ಮಗು ನಮ್ಮದು ಸ್ವಾಮಿ. ನಮ್ಮನ್ನ ಕೇಳದೆ ಅದರ ಮನಸ್ಸಿಗೆ ಕೈ ಹಾಕೋಕೆ ನೀವ್ಯಾರು?"

"ಏನ್ ಮಾಡ್ಲಿ ತಾಯಿ, ಮೇಲಿನವರ ಹುಕುಂ" ಅಂತ ಹೆಡ್‌ಮಾಸ್ಟರು ಕೈತೊಳೆದುಕೊಂಡರು.

ಸರಿ, ಅವರು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ. ಮಗಳನ್ನು ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು ಪಾಠ ಶುರುಮಾಡಿದಳು.

"ಅಳು ಬರುತ್ತಾ ಅಂತ ಕೇಳಿದ್ರೆ?"

"ಒಂದೊಂದ್ಸಲ ಬರುತ್ತಮ್ಮ, ನೀನು ಬೈದಾಗ, ಆಮೇಲೆ..."

"ಮುಚ್ಚೇ ಬಾಯಿ! ಬರಲ್ಲ ಅನ್ನು. ಯಾರೇ ಕೇಳಲಿ, ಏನಿಲ್ಲ, ಖುಷಿಯಾಗಿದೀನಿ, ಅಷ್ಟೆ. ಹೇಳುವಾಗ ಒಂಚೂರು ನಗು."

ಆ "ಆಮೇಲೆ" ಏನು ಅಂತ ಅವಳು ಕೇಳಲೇ ಇಲ್ಲ. ಅಯ್ಯೋ, ಕೇಳಬಾರದಿತ್ತೇ!

ತಪಾಸಣೆಗೆ ಬಂದ ಮೇಡಂ, ಪಾಠ ಒಪ್ಪಿಸಿದ ಪಟಪಟಿಯ ಕೆನ್ನೆ ತಟ್ಟಿ ಕಳಿಸಿದರು. ಮುಂದೆ ಹೆತ್ತವರ ಗಲಾಟೆ ಜೋರಾಗಿ ಆದೇಶವೇ ವಾಪಸಾಯಿತು. ಗೆದ್ದೆವು ಅಂತ ದರ್ಜಿಯಮ್ಮ ಬೀದಿತುಂಬ ಬೀಗಿದಳು. ಆ ಹೋರಾಟ ತಪ್ಪು ಅಂತ ಅವಳಿಗೆ ಇವತ್ತಿಗೂ ಅನ್ನಿಸಿಲ್ಲ.

ಪಟಪಟಿ ಹೈಸ್ಕೂಲಿಗೆ ಬಂದಳು. ಮಾತು ಕಮ್ಮಿಯಾಯಿತು. ವಯಸ್ಸಿಗೆ ಬಂದ ಹುಡುಗಿ, ಗಾಂಭೀರ್ಯ ಬಂದಿದೆ ಅಂದುಕೊಂಡಳು ತಾಯಿ. ಹೊಸ ಸಮವಸ್ತ್ರಕ್ಕೆ ಅಳತೆ ತೆಗೆಯಲು ನಿಲ್ಲಿಸಿಕೊಂಡಾಗ ಟೇಪು ಸೊಂಟದಿಂದ ಜಾರಿತು.

"ಉಸಿರು ಬಿಡೇ. ಅಮ್ಮನ ಹತ್ರಾನೂ ನಾಟಕಾನಾ?"

"ಬಿಟ್ಟೇ ಇದೀನಮ್ಮ."

ತಾಯಿ ಮಗಳ ಪಕ್ಕೆ ಮುಟ್ಟಿ ನೋಡಿದಳು. ಮೂಳೆ ಕೈಗೆ ಸಿಕ್ಕಿತು. ಕಣ್ಣ ಕೆಳಗೆ ಕಪ್ಪು. ಇಷ್ಟು ದಿನ ನನ್ನ ಕಣ್ಣಿಗೇನಾಗಿತ್ತು ಅಂತ ತನ್ನನ್ನೇ ಬೈದುಕೊಂಡಳು.

"ಏನಾಯ್ತು ಕಂದಾ? ಯಾರಾದ್ರೂ ಏನಾದ್ರೂ ಅಂದ್ರಾ?"

ಮಗಳು ಒಂಚೂರು ನಕ್ಕಳು. "ಏನಿಲ್ಲ. ಖುಷಿಯಾಗಿದೀನಿ."

ಆ ನಗು ದರ್ಜಿಯಮ್ಮನಿಗೆ ಗೊತ್ತು. ಅವಳೇ ಅಳೆದು ಹೊಲಿದು ಕೊಟ್ಟಿದ್ದು.

"ನಾನು ಸರ್ಕಾರದೋಳಲ್ಲ ಕಣೇ, ನಿನ್ನಮ್ಮ" ಅಂದಳು.

"ಗೊತ್ತಮ್ಮ. ಯಾರೇ ಕೇಳಲಿ ಅಂತ ನೀನೇ ಹೇಳಿದ್ಯಲ್ಲ" ಅಂದು ಪಟಪಟಿ ಅಳತೆಗೆ ಮತ್ತೆ ಕೈ ಎತ್ತಿ ನಿಂತಳು.